ಟೀಚರ್ ನೀವು, ಹೊರಟವರು ಅವರು

ಪ್ರಶ್ನೆ: ನನಗೆ 27 ವರ್ಷ. ಎಂ.ಎ. ಇಂಗ್ಲಿಷ್, ಬಿ.ಇಡಿ. ಮುಗಿಸಿ ವಿಜಯಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಸಂಬಳ 14 ಸಾವಿರ. ನಾನು ಮದುವೆ ಆಗಬೇಕು ಅಂತಿರುವ ಹುಡುಗ ಬೆಳಗಾವಿಯವರು, ಡಿಪ್ಲೊಮಾ ಓದಿದ್ದಾರೆ, ಅವರ ಕಂಪ್ಯೂಟರ್ ಸೆಂಟರ್ ಹೋದ ವರ್ಷ ಮುಚ್ಚಿತು. ಇಬ್ಬರೂ ಥಾಯ್ಲೆಂಡಿಗೆ ಹೋಗಿ ಇಂಗ್ಲಿಷ್ ಕಲಿಸೋಣ, ತಿಂಗಳಿಗೆ ಲಕ್ಷ ಸಿಗುತ್ತೆ ಅಂತಾರೆ. ಏಜೆಂಟ್ ಒಬ್ಬರು ಇಬ್ಬರಿಗೂ ಸೇರಿ 2 ಲಕ್ಷ ಕೇಳಿದ್ದಾರೆ. ಮೊದಲು ಟೂರಿಸ್ಟ್ ಆಗಿ ಹೋಗಿ, ಪರ್ಮಿಟ್ ಅಲ್ಲೇ ಮಾಡಿಸೋಣ, ಅಲ್ಲಿವರೆಗೆ ಸರ್‌ಗೆ ಡೇಟಾ ಎಂಟ್ರಿ ಕೆಲಸ ಕೊಡಿಸ್ತೀವಿ ಅಂದಿದ್ದಾರೆ. 50 ಸಾವಿರ ಈ ತಿಂಗಳೇ ಕಟ್ಟಬೇಕು. ಅವ್ವ ‘ಲಗ್ನಾ ಮಾಡ್ಕೊಂಡು ಎಲ್ಲಿಗರೆ ಹೋಗ್ರಿ, ಹಂಗ ಹೋದ್ರ ನಾ ಓಣ್ಯಾಗ ಮಾರಿ ಹೆಂಗ ತೋರಿಸ್ಲಿ’ ಅಂದು ಮಾತು ಬಿಟ್ಟಿದ್ದಾಳೆ. ಹೋಗಲ್ಲ ಅಂದರೆ ಇವರಿಗೆ ಬೇಜಾರು. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಹಾಕಿದ್ದು ಅದರ ಸಾರ ಅಷ್ಟೇ. ಆದರೆ ಬಿಟ್ಟುಹೋದ ಭಾಗದಲ್ಲಿ ಒಂದು ಸಂಗತಿ ಇದೆ, ಅದನ್ನು ಹೇಳಿಯೇ ಮುಂದೆ ಹೋಗ್ತೀನಿ. ‘ವೆಡ್ನೆಸ್‌ಡೇ’ ಅಂತಲೇ ಓದುತ್ತಿದ್ದ ಎಂಟನೇ ಕ್ಲಾಸಿನ ಹುಡುಗ ಒಂದು ದಿನ ನಡುವೆ ನಿಂತು, ತಾನೇ ತಿದ್ದಿಕೊಂಡು ‘ವೆನ್ಸ್‌ಡೇ’ ಅಂದು ನಿಮ್ಮ ಕಡೆ ನೋಡಿ ನಕ್ಕನಲ್ಲ, ಅದನ್ನು ಅರ್ಧ ಪುಟ ಬರೆದಿದ್ದೀರಿ. ಥಾಯ್ಲೆಂಡಿನ ಬಗ್ಗೆ ಬರೆದ ಎರಡು ಪುಟದಲ್ಲಿ ಮಕ್ಕಳ ಸುದ್ದಿಯೇ ಇಲ್ಲ. ಅಲ್ಲಿರೋದು ರೊಕ್ಕ, ಬೀಚು, ಇವರ ಬೇಜಾರು.

ಮೊದಲು ಕಾಗದಪತ್ರದ ಮಾತು. ಥಾಯ್ಲೆಂಡಿನ ಶಾಲೆಯಲ್ಲಿ ಕಲಿಸಬೇಕಾದರೆ ಡಿಗ್ರಿ ಬೇಕು. ಡಿಪ್ಲೊಮಾ ನಡೆಯಲ್ಲ. ಡಿಗ್ರಿ ಇದ್ದರೂ ನಮ್ಮಂಥ ದೇಶದವರು ಟೋಯಿಕ್ ಅಥವಾ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಅಂಕ ತೋರಿಸಬೇಕು, ಕೆಲಸಕ್ಕೆ ಹೋಗುವವರಿಗೆ ಕೊಡುವ ನಾನ್ ಇಮಿಗ್ರಂಟ್ ಬಿ ವೀಸಾ ಬೇಕು, ವರ್ಕ್ ಪರ್ಮಿಟ್ ಬೇಕು, ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿ ಬೇಕು. ವಿಯೆಟ್ನಾಂ ಕೂಡ ಡಿಗ್ರಿ ಕೇಳುತ್ತೆ. ಕೊರಿಯಾದ ಖಾಸಗಿ ಟ್ಯೂಷನ್ ಸೆಂಟರ್‌ಗಳು ಟೀಚರ್‌ಗೆ ಕೊಡಿಸುವ ವೀಸಾ ಏಳು ಇಂಗ್ಲಿಷ್ ದೇಶಗಳ ಪಾಸ್‌ಪೋರ್ಟಿಗಷ್ಟೇ, ನಮ್ಮದು ಅದರಲ್ಲಿಲ್ಲ. ಲಕ್ಷದ ಮಾತನ್ನೂ ಸ್ವಲ್ಪ ಬದಿಗಿಡಿ. ‘ನೇಟಿವ್ ಸ್ಪೀಕರ್’ಗೆ ಒಂದು ಸಂಬಳ, ನಮಗೊಂದು, ಇದು ಅಲ್ಲಿ ಜಾಹೀರಾತಿನಲ್ಲೇ ಕಾಣುತ್ತೆ.

ಅಂದರೆ ಏನಾಯ್ತು ನೋಡಿ. ಎಂ.ಎ., ಬಿ.ಇಡಿ., ನಾಲ್ಕು ವರ್ಷದ ಅನುಭವ, ಎಲ್ಲ ನಿಮ್ಮ ಹೆಸರಲ್ಲಿದೆ. ಕೆಲಸ ಸಿಕ್ಕರೆ ನಿಮಗೆ ಸಿಗುತ್ತೆ. ಅವರು ಬರಬೇಕಾದರೆ ನಿಮ್ಮ ಗಂಡನಾಗಿ, ಅವಲಂಬಿತರ ವೀಸಾದ ಮೇಲೆ ಬರಬೇಕು, ಅದಕ್ಕೆ ಮದುವೆ ಸರ್ಟಿಫಿಕೇಟ್ ಬೇಕು (ನಿಮ್ಮವ್ವ ಕೇಳಿದ್ದನ್ನೇ ಥಾಯ್ ಕಾನ್ಸುಲೇಟ್ ಕೂಡ ಕೇಳುತ್ತೆ, ನನಗಂತೂ ನಗು ಬಂತು). ಬಂದ ಮೇಲೂ ವರ್ಕ್ ಪರ್ಮಿಟ್ ಇಲ್ಲದೆ ಅವರು ಒಂದು ಟ್ಯೂಷನ್ ಕೂಡ ಹೇಳುವಂತಿಲ್ಲ. ‘ನಾವಿಬ್ಬರೂ ಕಲಿಸ್ತೀವಿ’ ಅನ್ನೋ ಯೋಜನೆ ಇಲ್ಲಿಗೇ ಮುಗಿಯಿತು. ಉಳಿಯೋದು, ನೀವು ಕಲಿಸ್ತೀರಿ, ಅವರು ಮನೆಯಲ್ಲಿರ್ತಾರೆ.

ಇದು ಕೆಟ್ಟದ್ದೇನೂ ಅಲ್ಲ. ಆದರೆ ಇದನ್ನು ಇಬ್ಬರೂ ಬಾಯಿಬಿಟ್ಟು ಮಾತಾಡಿಲ್ಲ, ಅಲ್ವಾ? ನನ್ನ ಅಕ್ಕನ ಮಗಳು ಎರಡು ವರ್ಷ ಥಾಯ್ಲೆಂಡಿನ ಕೊರಾಟ್ ಊರಿನ ಹತ್ತಿರ ಕಲಿಸಿದಳು. ಬೆಳಿಗ್ಗೆ 8ಕ್ಕೆ ಧ್ವಜ ಏರಿಸುವಾಗ ಮಕ್ಕಳ ಜೊತೆ ಬಿಸಿಲಲ್ಲಿ ನಿಲ್ಲೋದು, ದಿನವಿಡೀ ‘ಟೀಚಾ, ಟೀಚಾ’ ಅಂತ ಕರೆಸಿಕೊಳ್ಳೋದು, ಅವಳಿಗದು ಬಹಳ ಹಿಡಿಸಿತು. ಊಟದ್ದೇ ಗೋಳು. ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ, ‘ಜೇ’ ಅಂತ ಕೇಳಿದರೆ ಮಾತ್ರ ಪೂರ್ತಿ ಸಸ್ಯಾಹಾರ, ಅದೂ ಎಲ್ಲ ಅಂಗಡಿಯಲ್ಲಿ ಸಿಗಲ್ಲ. ಇಲ್ಲಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಂದೂವರೆ ತಿಂಗಳು ಬಂದವು. ಗಂಡನೂ ಜೊತೆಗೆ ಹೋಗಿದ್ದ. ಮೊದಲ ತಿಂಗಳು ಖುಷಿಯಿಂದ ಅಡುಗೆ ಮಾಡಿದ. ಎರಡನೇ ತಿಂಗಳು ಮಧ್ಯಾಹ್ನ ಮಲಗೋಕೆ ಶುರು ಮಾಡಿದ. ಮೂರನೇ ತಿಂಗಳು ಅವಳು ಶಾಲೆಯಿಂದ ಬಂದು ಮಕ್ಕಳ ಕಥೆ ಹೇಳಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದ. ನಾಲ್ಕನೇ ತಿಂಗಳು ಹುಬ್ಬಳ್ಳಿಗೆ ವಾಪಸ್ ಬಂದ. ಒಳ್ಳೆ ಹುಡುಗ ಅವನು, ಈಗಲೂ ಇಬ್ಬರೂ ಚೆನ್ನಾಗಿದ್ದಾರೆ, ಆದರೆ ಆ ಟಿವಿ ಸೌಂಡನ್ನು ಅವಳು ಇನ್ನೂ ಮರೆತಿಲ್ಲ.

ನಿಮ್ಮವರೂ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ನಡೆಸುತ್ತಿದ್ದ ಅಂಗಡಿಯ ಶಟರ್ ಎಳೆದವರಿಗೆ ದೂರದ ಊರು ಚಂದ ಕಾಣುತ್ತೆ, ‘ಸೆಂಟರ್ ಏನಾತೋ ಮಾರಾಯಾ’ ಅಂತ ಕೇಳೋರು ಅಲ್ಲಿರಲ್ಲ. ಅದು ನನಗೆ ಅರ್ಥ ಆಗುತ್ತೆ. ಆದರೆ ಬೆಳಗಾವಿಯ ಬೇಜಾರನ್ನು ನಿಮ್ಮ ಸರ್ಟಿಫಿಕೇಟಿನ ಮೇಲೆ ಹೊರಿಸಿ ಬ್ಯಾಂಕಾಕಿಗೆ ಒಯ್ಯೋದು ಬೇಡ.

ಏಜೆಂಟ್ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ, ಬೇಡವೇ ಬೇಡ. ಟೂರಿಸ್ಟ್ ಆಗಿ ಹೋಗಿ ಕೆಲಸ ಮಾಡೋದು ಅಲ್ಲಿ ಅಪರಾಧ, ಸಿಕ್ಕಿಬಿದ್ದರೆ ದಂಡ ಕಟ್ಟಿಸಿ ಹೊರಗೆ ಹಾಕ್ತಾರೆ. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆ ‘ಡೇಟಾ ಎಂಟ್ರಿ’. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ, ಆನ್‌ಲೈನ್ ಮೋಸದ ಕೆಲಸ ಮಾಡಿಸಿದ್ದು ನೂರಾರು ಭಾರತೀಯ ಹುಡುಗರಿಗೆ ಆಗಿದೆ. 2022ರಲ್ಲೇ ವಿದೇಶಾಂಗ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರ ನೋಂದಣಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತೆ, ಅಲ್ಲಿ ಇವರ ಹೆಸರಿದೆಯಾ ನೋಡಿ. ನೋಂದಾಯಿತ ಏಜೆಂಟ್ ಆದರೂ ಒಬ್ಬರಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತಗೊಳ್ಳುವಂತಿಲ್ಲ. 2 ಲಕ್ಷ ಎಲ್ಲಿಯ ಲೆಕ್ಕ?

ಅವ್ವನ ಬಗ್ಗೆ ಜಾಸ್ತಿ ಹೇಳಲ್ಲ. ಅವರ ಮಾತಿನಲ್ಲಿ ಓಣಿಯ ಅಂಜಿಕೆ ಅರ್ಧ, ನಿಮ್ಮ ಅಂಜಿಕೆ ಅರ್ಧ. ಆದರೆ ವೀಸಾ ಸಲುವಾಗಿ, ಅವ್ವನ ಮೌನದ ಸಲುವಾಗಿ ಅವಸರದ ಲಗ್ನ ಬೇಡ. ನೀವಿಬ್ಬರೂ ಇನ್ನೂ ಒಂದು ಊರಲ್ಲಿ ಇದ್ದು ಬಾಳಿಲ್ಲ.

ನಿಮಗೇ ಹೋಗೋ ಆಸೆ ಇದ್ದರೆ ದಾರಿ ಇದೆ. ಅಲ್ಲಿ ಶಾಲೆ ಶುರುವಾಗೋದು ಮೇ ಮಧ್ಯದಲ್ಲಿ, ಎರಡನೇ ಟರ್ಮ್ ನವೆಂಬರಿನಲ್ಲಿ. ಪರೀಕ್ಷೆ ಬರೆದು, ಪೊಲೀಸ್ ಕ್ಲಿಯರೆನ್ಸ್ ಮಾಡಿಸಿಕೊಂಡು, ಶಾಲೆಗಳಿಗೆ ನೇರವಾಗಿ ನೀವೇ ಅರ್ಜಿ ಹಾಕಿ, ವಿಡಿಯೊ ಕರೆಯಲ್ಲಿ ಪ್ರಿನ್ಸಿಪಾಲರ ಮುಖ ನೋಡಿ ಮಾತಾಡಿ. ಒಂದು ವರ್ಷ ಒಬ್ಬರೇ ಹೋಗಿ ಬಂದರೂ ಆಗುತ್ತೆ. ಅಷ್ಟರಲ್ಲಿ ಅವರು ದೂರಶಿಕ್ಷಣದಲ್ಲಿ ಡಿಗ್ರಿಗೆ ಸೇರಲಿ, ಅಥವಾ ಬೇರೆ ಕೆಲಸ ನೋಡಲಿ. ಆಸೆ ಇಲ್ಲ ಅಂದರೆ ಅದನ್ನೂ ಹೇಳಿ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಈ ಭಾನುವಾರ ಅವರು ವಿಜಯಪುರಕ್ಕೆ ಬರ್ತಾರೆ ಅಂತ ಬರೆದಿದ್ದೀರಿ. ಚಹಾ ಕುಡಿಯುವಾಗ ಬೀಚಿನ ಮಾತು ಬರುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ನಾನು ಬೆಳಿಗ್ಗೆ ಶಾಲೆಗೆ ಹೋದಮೇಲೆ ಸಂಜೆ ನಾಲ್ಕರತನಕ ನೀವು ಅಲ್ಲಿ ಏನು ಮಾಡ್ತೀರಿ? ಏನು ಹೇಳಿದರು ಅಂತ ನನಗೂ ಒಂದು ಸಾಲು ಬರೆಯಿರಿ. ಅಲ್ಲಿತನಕ ಆ 50 ಸಾವಿರ ಬ್ಯಾಂಕಿನಲ್ಲೇ ಇರಲಿ.