ಒಂದೇ ತಪ್ಪಿಗೆ ಒಬ್ಬನಿಗೆ ಹಳದಿ ಕಾರ್ಡ್, ಇನ್ನೊಬ್ಬನಿಗೆ ಯಾಕಿಲ್ಲ?

ನೀವು ಕೇಳಿದ್ದು ಇಷ್ಟು: ಫುಟ್‌ಬಾಲ್‌ನಲ್ಲಿ ಒಂದೇ ತರಹದ ತಪ್ಪಿಗೆ ಒಬ್ಬ ಆಟಗಾರನಿಗೆ ಕಾರ್ಡ್ ತೋರಿಸುತ್ತಾರೆ, ಇನ್ನೊಬ್ಬನನ್ನು ಹಾಗೇ ಬಿಡುತ್ತಾರೆ, ಇದು ಯಾಕೆ ಹೀಗೆ? ಗೆಳೆಯ "ಇದೆಲ್ಲ ಆಟದಲ್ಲಿ ಇದ್ದಿದ್ದೇ, ಸುಮ್ನಿರು" ಅಂತಾನೆ, ನಾನು ವಿನಾಕಾರಣ ಸಿಟ್ಟಾಗ್ತಿದ್ದೀನಾ?

ಇಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ. ನಾನು ನಮ್ಮ ಬೆಂಗಳೂರು ಎಫ್‌ಸಿ ಮತ್ತು ಇಂಗ್ಲೆಂಡಿನ ಆರ್ಸೆನಲ್ ತಂಡ ಎರಡನ್ನೂ ವರ್ಷಗಳಿಂದ ನೋಡುತ್ತಾ ಬಂದವನು, ಈ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಆದರೆ ಸಿಟ್ಟು ಯಾವುದರ ಮೇಲೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಬೇಕು. ರೆಫರಿ ತಪ್ಪು ಮಾಡಿದರೆ ಅದನ್ನು ನಾವು ಸಹಿಸಿಕೊಳ್ಳುತ್ತೇವೆ, ನಿಜವಾಗಿ ಸಹಿಸಿಕೊಳ್ಳುತ್ತೇವೆ. ಸಹಿಸೋಕಾಗದೇ ಇರೋದು ಒಂದೇ ಆಟದಲ್ಲಿ ಎರಡು ಅಳತೆ.

ಒಂದು ಉದಾಹರಣೆ ಹೇಳುತ್ತೇನೆ, ಇದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. 2024ರ ಆಗಸ್ಟ್ 31, ಲಂಡನ್‌ನ ಎಮಿರೇಟ್ಸ್ ಮೈದಾನ, ಆರ್ಸೆನಲ್ ಮತ್ತು ಬ್ರೈಟನ್ ಪಂದ್ಯ. ಹ್ಯಾವರ್ಟ್ಜ್ ಗೋಲು ಹೊಡೆದು ಆರ್ಸೆನಲ್ 1–0 ಮುಂದಿತ್ತು. ಮೊದಲರ್ಧದಲ್ಲಿ ಬ್ರೈಟನ್‌ನ ಜೋವಾವ್ ಪೆಡ್ರೊ ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಇನ್ನೂ ದೂರಕ್ಕೆ ಒದ್ದ. ಕಾರ್ಡ್ ಇಲ್ಲ. ಎರಡನೇ ಅರ್ಧ ಶುರುವಾಗಿ ನಾಲ್ಕೈದು ನಿಮಿಷ ಆಗಿರಬೇಕು, ಬ್ರೈಟನ್‌ಗೆ ಫ್ರೀಕಿಕ್ ಸಿಕ್ಕಿತು, ಆರ್ಸೆನಲ್‌ನ ಡೆಕ್ಲನ್ ರೈಸ್ ಉರುಳುತ್ತಿದ್ದ ಚೆಂಡನ್ನು ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿದ, ಫ್ರೀಕಿಕ್ ಹೊಡೆಯೋಕೆ ಬಂದ ವೆಲ್ಟ್‌ಮನ್ ಕಾಲು ಬೀಸಿದ, ಆ ಒದೆ ರೈಸ್‌ನ ಕಾಲಿಗೇ ಬಿತ್ತು. ರೈಸ್‌ಗೆ ಆಗಲೇ ಒಂದು ಹಳದಿ ಇತ್ತು. ಎರಡನೇ ಹಳದಿ ಬಂತು, ಎರಡು ಹಳದಿ ಅಂದರೆ ಕೆಂಪು, ಅವನು ಹೊರಗೆ ನಡೆದ. 58ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದವನು ಯಾರು? ಅದೇ ಜೋವಾವ್ ಪೆಡ್ರೊ. ಪಂದ್ಯ 1–1.

ನಿಯಮದ ಪ್ರಕಾರ ರೈಸ್‌ಗೆ ಕೊಟ್ಟ ಕಾರ್ಡ್ ತಪ್ಪಲ್ಲ. ಆಟ ಮತ್ತೆ ಶುರುವಾಗೋದನ್ನು ತಡ ಮಾಡಿದರೆ ಹಳದಿ ಅಂತ ನಿಯಮ ಪುಸ್ತಕದಲ್ಲೇ ಇದೆ. ನಾನು ಆರ್ಸೆನಲ್ ಅಭಿಮಾನಿಯಾಗಿಯೂ ಅದನ್ನು ಒಪ್ಪುತ್ತೇನೆ. ಆದರೆ ಆ ನಿಯಮ ಮೊದಲರ್ಧದಲ್ಲಿ ಎಲ್ಲಿತ್ತು? ನೋವಾಗೋದು ಇಲ್ಲಿ. ರೈಸ್ ಮುಂದಿನ ಪಂದ್ಯಕ್ಕೂ ಇರಲಿಲ್ಲ, ಅದು ಅದೇ ಊರಿನ ಟಾಟನ್‌ಹ್ಯಾಮ್ ವಿರುದ್ಧದ ಡರ್ಬಿ. ಅದನ್ನು ಗೆದ್ದೆವು, ಅದು ಬೇರೆ ಮಾತು. ಆ ಸೀಸನ್‌ನಲ್ಲಿ ಲೀಗ್ ಗೆದ್ದ ಲಿವರ್‌ಪೂಲ್‌ಗೆ 84 ಅಂಕ, ಆರ್ಸೆನಲ್‌ಗೆ 74. ಹಾಗಾಗಿ ಈ ಒಂದು ಕಾರ್ಡಿನಿಂದ ಪ್ರಶಸ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ.

ಇನ್ನೊಂದು ವಿಷಯ, ಆಗಿನ ನಿಯಮದಂತೆ ವಿಎಆರ್, ಅಂದರೆ ಕೋಣೆಯಲ್ಲಿ ಕೂತು ವಿಡಿಯೋ ನೋಡಿ ರೆಫರಿಗೆ ನೆರವಾಗುವವರು, ಎರಡನೇ ಹಳದಿಯನ್ನು ಮುಟ್ಟುವ ಹಾಗಿರಲಿಲ್ಲ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಯಾರಿಗೆ ಕಾರ್ಡ್ ಅನ್ನೋದರಲ್ಲಿ ಆದ ಗೊಂದಲ, ಈ ನಾಲ್ಕೇ ಆಗ ಅದರ ಕೆಲಸವಾಗಿತ್ತು. ಅಂದರೆ ಒಂದು ತಂಡ ಹತ್ತು ಜನಕ್ಕೆ ಇಳಿಯುವಂಥ ತೀರ್ಮಾನವನ್ನು ನೋಡೋಕೆ ಆ ಕೋಣೆಯಲ್ಲಿ ಕೂತವರಿಗೂ ಅವಕಾಶ ಇರಲಿಲ್ಲ.

ಯಾಕೆ ಹೀಗೆ ಅಂತ ಕೇಳಿದ್ದೀರಲ್ಲ, ಅದಕ್ಕೆ ಬರುತ್ತೇನೆ.

ಮೊದಲು ನಿಯಮವೇ ಹಾಗಿದೆ. ನಾವು ಕ್ರಿಕೆಟ್ ನೋಡಿ ಬೆಳೆದವರು. ಎಲ್‌ಬಿಡಬ್ಲ್ಯೂ ಅಂದರೆ ಚೆಂಡು ಎಲ್ಲಿ ಬಿತ್ತು, ಎಲ್ಲಿ ತಾಗಿತು, ವಿಕೆಟ್‌ಗೆ ಹೋಗುತ್ತಿತ್ತಾ, ಎಲ್ಲವನ್ನೂ ಪರದೆ ಮೇಲೆ ಗೆರೆ ಎಳೆದು ತೋರಿಸಬಹುದು. ಫೌಲ್ ಹಾಗಲ್ಲ. ಎಚ್ಚರ ತಪ್ಪಿ ಹೋಗಿ ತಾಗಿದರೆ ಬರೀ ಫೌಲ್, ಕಾರ್ಡ್ ಇಲ್ಲ. ಎದುರಿನವನಿಗೆ ಏನಾದರೂ ಆಗಲಿ ಅಂತ ನುಗ್ಗಿದರೆ ಹಳದಿ. ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕಿ ಅವನಿಗೆ ಪೆಟ್ಟಾಗುವಂತೆ ಬಿದ್ದರೆ ಕೆಂಪು. ಈ ಮೂರರ ನಡುವಿನ ಗೆರೆಯನ್ನು ಯಾವ ಕ್ಯಾಮೆರಾನೂ ಎಳೆಯೋದಿಲ್ಲ. ಓಡುತ್ತಾ ಓಡುತ್ತಾ, ಒಂದೇ ಕೋನದಿಂದ, ಅರೆಕ್ಷಣದಲ್ಲಿ ಮನುಷ್ಯನೇ ಎಳೆಯಬೇಕು. ಇದು ಕಷ್ಟದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದು ನನಗೆ ಗೊತ್ತಾಗಿದ್ದು ನಾನೇ ವಿಸಿಲ್ ಹಿಡಿದ ದಿನ.

ನಮ್ಮ ಬಡಾವಣೆಯಲ್ಲಿ ಹುಡುಗರಿಗೆ ಒಂದು ಟೂರ್ನಮೆಂಟ್ ಇತ್ತು, ತಂಡಕ್ಕೆ ಏಳು ಜನ. ಬರಬೇಕಾಗಿದ್ದ ರೆಫರಿ ಬರಲಿಲ್ಲ, "ಅಣ್ಣಾ ನೀವೇ ಮಾಡಿ" ಅಂತ ನನ್ನ ಕೈಗೆ ವಿಸಿಲ್ ಕೊಟ್ಟರು. ಮೊದಲರ್ಧದಲ್ಲಿ ಒಬ್ಬ ಹುಡುಗ ಮುಂದೆ ಓಡುತ್ತಿದ್ದವನ ಅಂಗಿ ಹಿಡಿದು ಎಳೆದ. ಹಳದಿ ತೋರಿಸಿದೆ. ನೇರವಾದ ತೀರ್ಮಾನ, ಯಾರೂ ಏನೂ ಅನ್ನಲಿಲ್ಲ. ಎರಡನೇ ಅರ್ಧದಲ್ಲಿ ಆ ಕಡೆಯ ಡಿಫೆಂಡರ್ ಅದನ್ನೇ ಮಾಡಿದ. ಅದೇ ಜಾಗ, ಅದೇ ರೀತಿ ಅಂಗಿ ಎಳೆದಿದ್ದು. ಅವನಿಗೆ ಆಗಲೇ ಒಂದು ಹಳದಿ ಕೊಟ್ಟಿದ್ದೆ. ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಇವನನ್ನು ಕಳಿಸಿದರೆ ಆರೇ ಜನ ಉಳಿಯುತ್ತಾರೆ, ಆಟ ಮುಗಿದಂತೆ, ಹುಡುಗರ ಅಪ್ಪಂದಿರೆಲ್ಲ ಪಕ್ಕದಲ್ಲೇ ನಿಂತಿದ್ದಾರೆ, ಇದೆಲ್ಲ ತಲೆಯಲ್ಲಿ ಒಂದೇ ಸಲ ಬಂತು. ಫ್ರೀಕಿಕ್ ಕೊಟ್ಟು, ಬೆರಳು ತೋರಿಸಿ ಎಚ್ಚರಿಸಿ ಬಿಟ್ಟೆ.

ಮೊದಲು ಕಾರ್ಡ್ ತಿಂದಿದ್ದ ಹುಡುಗ ಓಡಿ ಬಂದ. "ಅಣ್ಣಾ, ನನಗೆ ಕೊಟ್ರಿ, ಅವನಿಗೆ ಯಾಕಿಲ್ಲ?" ಅಂತ ಕೇಳಿದ. ನಾನು "ಆಟ ಆಡು" ಅಂದೆ. ಬೇರೆ ಏನು ಹೇಳಲಿ? ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಮುಖ ನನಗೆ ಈಗಲೂ ಕಾಣುತ್ತದೆ. ಅವನಿಗೆ ಕಾರ್ಡ್ ಬಗ್ಗೆ ಬೇಸರ ಇರಲಿಲ್ಲ, ಮೊದಲು ಕೊಟ್ಟಾಗ ಸುಮ್ಮನೆ ತಲೆ ಆಡಿಸಿ ಹೋಗಿದ್ದ.

ಅವತ್ತು ನಾನು ತಪ್ಪನ್ನು ತೂಗಲಿಲ್ಲ. ತಪ್ಪಿನ ಪರಿಣಾಮವನ್ನು ತೂಗಿದೆ. ದೊಡ್ಡ ಪಂದ್ಯಗಳಲ್ಲೂ ಬಹಳ ಸಲ ನಡೆಯೋದು ಇದೇ ಅಂತ ನನಗೆ ಅನ್ನಿಸುತ್ತದೆ. ಎರಡನೇ ನಿಮಿಷದಲ್ಲಿ ಒಬ್ಬ ಜೋರಾಗಿ ಟ್ಯಾಕಲ್ ಮಾಡಿದರೆ "ಇಷ್ಟು ಬೇಗ ಬೇಡ" ಅಂತ ಮಾತಲ್ಲೇ ಮುಗಿಸುತ್ತಾರೆ, ಅದೇ ಟ್ಯಾಕಲ್ 60ನೇ ನಿಮಿಷದಲ್ಲಿ ಬಂದರೆ ಹಳದಿ. ಮೊದಲ ಹಳದಿ ಸುಲಭವಾಗಿ ಬರುತ್ತದೆ, ಎರಡನೆಯದಕ್ಕೆ ಕೈ ತಡೆಯುತ್ತದೆ. ಕೆಲವು ವಾರ ಮೇಲಿನಿಂದ "ಸಮಯ ಹಾಳು ಮಾಡುವವರನ್ನು ಬಿಡಬೇಡಿ" ಅಂತ ಸೂಚನೆ ಬಂದಿರುತ್ತದೆ, ಆಗ ರೈಸ್‌ನಂಥವನಿಗೆ ಪುಸ್ತಕದ ಅಕ್ಷರಕ್ಕೆ ಅಕ್ಷರ. ಆಟಗಾರನಿಗೂ ಇವತ್ತು ಯಾವ ಅಳತೆ ಅಂತ ಗೊತ್ತಿರೋದಿಲ್ಲ, ನಮಗೂ ಗೊತ್ತಿರೋದಿಲ್ಲ.

"ಒಂದು ಹಳದಿ ತಾನೇ, ಬಿಡು" ಅನ್ನೋವರಿಗೆ ನಾನು ಸೆನೆಗಲ್ ಕಥೆ ಹೇಳುತ್ತೇನೆ. 2018ರ ರಷ್ಯಾ ವಿಶ್ವಕಪ್. ಗ್ರೂಪ್ ಹಂತ ಮುಗಿದಾಗ ಜಪಾನ್ ಮತ್ತು ಸೆನೆಗಲ್ ಎರಡಕ್ಕೂ ನಾಲ್ಕು ಅಂಕ. ಹೊಡೆದ ಗೋಲು ನಾಲ್ಕು, ಬಿಟ್ಟುಕೊಟ್ಟಿದ್ದು ನಾಲ್ಕು, ಇಬ್ಬರ ನಡುವಿನ ಪಂದ್ಯ 2–2. ಎಲ್ಲವೂ ಸಮ. ಕೊನೆಗೆ ಹಳದಿ ಕಾರ್ಡ್ ಎಣಿಸಿದರು. ಜಪಾನ್‌ಗೆ 4, ಸೆನೆಗಲ್‌ಗೆ 6. ಸೆನೆಗಲ್ ಮನೆಗೆ ಹೋಯಿತು. ವಿಶ್ವಕಪ್‌ನಲ್ಲಿ ಹಾಗೆ ಹೊರಬಿದ್ದ ಮೊದಲ ತಂಡ ಅದು. ಮೂರು ಪಂದ್ಯ, ಬೇರೆ ಬೇರೆ ರೆಫರಿಗಳು, ಪ್ರತಿಯೊಬ್ಬರದ್ದೂ ಬೇರೆ ಬೇರೆ ಅಳತೆ, ಅದನ್ನೆಲ್ಲ ಕೂಡಿಸಿ ಒಂದು ದೇಶದ ಹಣೆಬರಹ ಬರೆದರು. ಹಾಗಿದ್ದ ಮೇಲೆ ಎರಡು ಹಳದಿಯ ವ್ಯತ್ಯಾಸ ಸಣ್ಣದು ಅಂತ ಹೇಗೆ ಹೇಳೋದು?

ಆದರೆ 2006ರ ವಿಶ್ವಕಪ್‌ನಲ್ಲಿ ನಡೆದಿದ್ದನ್ನು ನೋಡಿ. ಸ್ಟುಟ್‌ಗಾರ್ಟ್‌ನಲ್ಲಿ ಕ್ರೊವೇಷಿಯಾ–ಆಸ್ಟ್ರೇಲಿಯಾ ಪಂದ್ಯ. ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಒಬ್ಬನೇ ಆಟಗಾರನಿಗೆ, ಕ್ರೊವೇಷಿಯಾದ ಸಿಮುನಿಚ್‌ಗೆ, ಮೂರು ಹಳದಿ ತೋರಿಸಿದರು. ಎರಡನೆಯದನ್ನು ಆಸ್ಟ್ರೇಲಿಯಾದ 3ನೇ ನಂಬರ್ ಆಟಗಾರನ ಹೆಸರಿಗೆ ಬರೆದುಕೊಂಡಿದ್ದರು. ದೊಡ್ಡ ತಪ್ಪು. ಆದರೆ ಅದರಲ್ಲಿ ಪಕ್ಷಪಾತ ಇಲ್ಲ ಅಂತ ಯಾರಿಗಾದರೂ ಕಾಣುತ್ತದೆ, ಬರೆಯುವಾಗ ಕೈ ತಪ್ಪಿದೆ. ಅಂಥ ತಪ್ಪನ್ನು ಕ್ಷಮಿಸೋಕೆ ಕಷ್ಟವಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. 2023ರ ಮಾರ್ಚ್ 3, ಕಂಠೀರವ. ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷಕ್ಕೆ 0–0. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀಕಿಕ್ ಸಿಕ್ಕಿತು, ಕೇರಳದ ಗೋಲ್‌ಕೀಪರ್ ಇನ್ನೂ ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆ ನಿಲ್ಲಿಸುತ್ತಿದ್ದ, ಸುನಿಲ್ ಛೆಟ್ರಿ ಚೆಂಡನ್ನು ಎತ್ತಿ ನೆಟ್‌ಗೆ ಹಾಕಿಯೇಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ವುಕೊಮಾನೊವಿಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು, ಅವರು ವಾಪಸ್ ಬರಲಿಲ್ಲ. ಪಂದ್ಯ ನಮ್ಮದಾಯಿತು. ಆಮೇಲೆ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ.

ಬೇಗ ಫ್ರೀಕಿಕ್ ತಗೊಳ್ಳೋದಕ್ಕೆ ನಿಯಮದಲ್ಲಿ ಅವಕಾಶ ಇದೆ. ಆದರೆ ರೆಫರಿ "ವಿಸಿಲ್ ಹೊಡೀತೀನಿ, ಕಾಯಿರಿ" ಅಂದಿದ್ದರೆ ಕಾಯಲೇಬೇಕು. ಅವತ್ತು ಏನು ಹೇಳಿದರು, ಯಾರಿಗೆ ಹೇಳಿದರು ಅನ್ನೋದರ ಮೇಲೇ ಎಲ್ಲ ಜಗಳ. ನಾವು ಕುಣಿದಾಡಿದೆವು, ನಿಜ. ಕೊಚ್ಚಿಯಲ್ಲಿ ನನ್ನ ಒಬ್ಬ ಗೆಳೆಯ ಇದ್ದಾನೆ, ಅವನು ಆ ರಾತ್ರಿ ಫೋನ್ ಎತ್ತಲಿಲ್ಲ. ಅದಾಗಿ 15 ದಿನಕ್ಕೆ ಗೋವಾದ ಫಟೋರ್ಡಾದಲ್ಲಿ ಫೈನಲ್, ಎದುರಿಗೆ ಎಟಿಕೆ ಮೋಹನ್ ಬಗಾನ್. 2–1ರಲ್ಲಿ ಮುಂದಿದ್ದೆವು, 85ನೇ ನಿಮಿಷದಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ತಾಗಿದ್ದು ಬಾಕ್ಸಿನ ಗೆರೆಯ ಹೊರಗಲ್ವಾ ಅಂತ ನಾವೆಲ್ಲ ಟಿವಿ ಮುಂದೆ ಕೂಗಾಡಿದೆವು. 2–2 ಆಯಿತು, ಶೂಟೌಟ್‌ನಲ್ಲಿ 4–3ಕ್ಕೆ ಸೋತೆವು. ಆಗ ಐಎಸ್‌ಎಲ್‌ನಲ್ಲಿ ವಿಎಆರ್ ಇರಲಿಲ್ಲ. ಆ ರಾತ್ರಿ ನಾನು ಕೊಚ್ಚಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನು "ಈಗ ಗೊತ್ತಾಯ್ತಾ?" ಅಂದ, ಅಷ್ಟೇ. ಗೊತ್ತಾಗಿತ್ತು.

ಹಾಗಾದರೆ ಏನು ಮಾಡಬಹುದು? ನನ್ನ ಪ್ರಕಾರ ತಪ್ಪನ್ನು ಪೂರ್ತಿ ಇಲ್ಲವಾಗಿಸೋದು ಆಗದ ಮಾತು. ಆದರೆ ವಿವರಣೆ ಕೊಡೋಕಾಗುತ್ತದೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಸರಿಯಾದ ಗೋಲನ್ನು ಆಫ್‌ಸೈಡ್ ಅಂತ ತೆಗೆದುಹಾಕಿದ್ದರು. ಮೊದಮೊದಲು ಎಲ್ಲರೂ ಮೋಸ ಮೋಸ ಅಂತ ಕೂಗಿದರು. ಕೆಲವು ದಿನ ಆದ ಮೇಲೆ ವಿಎಆರ್ ಕೋಣೆಯ ಮಾತಿನ ರೆಕಾರ್ಡಿಂಗ್ ಹೊರಗೆ ಬಿಟ್ಟರು. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದುಕೊಂಡು ಅವರು "ಪರಿಶೀಲನೆ ಮುಗಿಯಿತು" ಅಂದಿದ್ದರು, ಆಟ ಮುಂದೆ ಹೋಯಿತು, ತಪ್ಪು ಗೊತ್ತಾಗುವಾಗ ನಿಯಮದ ಪ್ರಕಾರ ಆಟ ನಿಲ್ಲಿಸುವಂತಿರಲಿಲ್ಲ. ಆ ಗಾಬರಿಯ ದನಿ ಕೇಳಿದ ಮೇಲೆ ನನ್ನ ಮಟ್ಟಿಗಂತೂ ಮೋಸ ಅನ್ನೋ ಅನುಮಾನ ಹೋಯಿತು. ಕೆಲಸ ಸರಿಯಾಗಿ ಮಾಡಲಿಲ್ಲ ಅನ್ನೋ ದೂರು ಉಳಿಯಿತು, ಅದು ಬೇರೆ, ಅದರ ಬಗ್ಗೆ ಮಾತಾಡಬಹುದು. ಅದೇ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ ನೋಡಿ ಬಂದ ರೆಫರಿ ಮೈಕ್‌ನಲ್ಲಿ ಇಡೀ ಕ್ರೀಡಾಂಗಣಕ್ಕೆ ತೀರ್ಮಾನ ಹೇಳುತ್ತಿದ್ದರು. ಎರಡು ವಾಕ್ಯ ಸಾಕು. 2024ರ ಯೂರೋ ಕಪ್‌ನಲ್ಲಿ ಕ್ಯಾಪ್ಟನ್ ಮಾತ್ರ ರೆಫರಿ ಹತ್ತಿರ ಹೋಗಿ ಕೇಳಬಹುದು, ಬೇರೆಯವರು ಮುತ್ತಿಕೊಂಡರೆ ಹಳದಿ ಅಂತ ಮೊದಲೇ ಎಲ್ಲರಿಗೂ ತಿಳಿಸಿದರು. ಅಳತೆ ಮೊದಲೇ ಗೊತ್ತಿದ್ದರೆ ಆಟಗಾರನೂ ಒಪ್ಪುತ್ತಾನೆ, ನಾವೂ ಒಪ್ಪುತ್ತೇವೆ.

ನಮ್ಮ ಕಡೆಯಿಂದ ಒಂದು ಮಾತು. ರೆಫರಿಯ ಹೆಸರು ಹುಡುಕಿ, ಅವರ ಮನೆಯವರನ್ನು ಎಳೆದು ತಂದು ಬೈಯುವವರು ನಮ್ಮಲ್ಲೂ ಇದ್ದಾರೆ. ಅದನ್ನು ದಯವಿಟ್ಟು ಮಾಡಬೇಡಿ, ಪಕ್ಕದವರು ಮಾಡಿದರೆ ತಡೆಯಿರಿ. ಹಾಗೆ ಬೈಸಿಕೊಂಡವನು ಮುಂದಿನ ಪಂದ್ಯದಲ್ಲಿ ಇನ್ನೂ ಹೆದರುತ್ತಾನೆ, ಹೆದರಿದ ಕೈ ಜೇಬಿನ ಹತ್ತಿರ ಹೋಗಿ ನಿಲ್ಲುತ್ತದೆ. ನನ್ನ ಕೈ ನಿಂತ ಹಾಗೆ.

ನಿಮ್ಮ ಗೆಳೆಯನಿಗೆ ಇಷ್ಟು ಕೇಳಿ ನೋಡಿ: ಅವನ ತಂಡದವನು ಕಾರ್ಡ್ ತಿಂದು ಹೊರಗೆ ಹೋದ ಹತ್ತು ನಿಮಿಷಕ್ಕೆ ಎದುರಾಳಿ ಅದನ್ನೇ ಮಾಡಿ ಉಳಿದುಕೊಂಡರೆ ಆಗಲೂ "ಆಟದಲ್ಲಿ ಇದ್ದಿದ್ದೇ" ಅಂತಾನಾ? ಹಾಗಂತಾನೆ ಅಂದರೆ ಅವನ ತಾಳ್ಮೆ ನಿಜಕ್ಕೂ ದೊಡ್ಡದು. ನನಗಂತೂ ಆ ಹುಡುಗನಿಗೆ ಉತ್ತರ ಹೇಳೋಕೆ ಮುಂದಿನ ಭಾನುವಾರದವರೆಗೆ ಹಿಡಿಯಿತು. ಮೈದಾನದಲ್ಲಿ ಅವನನ್ನು ಕರೆದು, ಆ ಡಿಫೆಂಡರ್‌ಗೂ ಕಾರ್ಡ್ ಕೊಡಬೇಕಿತ್ತು, ನಾನು ಹಿಂಜರಿದೆ ಅಂತ ಹೇಳಿದೆ. "ಪರವಾಗಿಲ್ಲ ಅಣ್ಣಾ, ಹೇಳಿದ್ರಲ್ಲ" ಅಂದು ಶೂ ಕಟ್ಟಿಕೊಂಡು ಆಡೋಕೆ ಹೋದ.