ಸಿಲೋಮ್ ಗಲ್ಲಿಗೆ ಒಬ್ಬನೇ ಹೋಗಲೇ?

ಪ್ರಶ್ನೆ: ಸರ್, ನನಗೆ 31 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ನಾನು ಗೇ ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಬ್ಯಾಂಕಾಕ್‌ಗೆ ಹೊರಟಿದ್ದೇನೆ. ಅಲ್ಲಿನ ಗೇ ಬಾರು, ಸಾನಾ (ಗಂಡಸರು ಗಂಡಸರನ್ನು ಭೇಟಿಯಾಗುವ ಹಬೆಸ್ನಾನದ ಜಾಗ) ಒಮ್ಮೆ ನೋಡುವ ಆಸೆ. ಒಬ್ಬನೇ ಹೋಗಲು ಭಯ. ಸಾನಾ ಒಳಗೆ ಹೋದ ಮೇಲೆ ಏನಾದರೂ ಮಾಡಲೇಬೇಕೆ?
– ಹೆಸರು ಬೇಡ

ಉತ್ತರ: ಏನೂ ಮಾಡಬೇಕಾಗಿಲ್ಲ. ನನಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ನಾನು ಅಲ್ಲಿ ಮೊದಲ ಸಲ ಸಾನಾಕ್ಕೆ ಹೋದಾಗ ನಲವತ್ತು ದಾಟಿತ್ತು. ಸೊಂಟಕ್ಕೆ ಟವೆಲ್ಲು, ಕೈಗೆ ಲಾಕರಿನ ಕೀ ಕಟ್ಟಿಕೊಂಡು ಹಬೆಕೋಣೆಯ ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ನಮ್ಮಪ್ಪನ ವಯಸ್ಸಿನ ಇಬ್ಬರು ಹೆಚ್ಚಿದ ಪೇರಲೆ ತಿನ್ನುತ್ತ ಹರಟುತ್ತಿದ್ದರು. ನನ್ನ ಕಡೆಗೂ ತಟ್ಟೆ ಸರಿಸಿದರು. ಏನನ್ನೂ ಮುಚ್ಚಿಡದೆ ನಾಲ್ಕು ಗಂಡಸರ ನಡುವೆ ಕೂತದ್ದು ಜೀವನದಲ್ಲಿ ಅದೇ ಮೊದಲು. ಅವತ್ತು ಪೇರಲೆ ತಿಂದು ಎದ್ದು ಬಂದೆ. ಹೋದ ದುಡ್ಡು ದಂಡ ಅಂತ ಇವತ್ತಿಗೂ ಅನ್ನಿಸಿಲ್ಲ.

ಅಲ್ಲಿ ಮಾತು ಕಡಿಮೆ. ಯಾರಾದರೂ ಕೈ ಇಟ್ಟರೆ, ಬೇಡವೆಂದರೆ ಮೆಲ್ಲಗೆ ಸರಿಸಿ ತಲೆಯಾಡಿಸಿ, ಸಾಕು. ಮೊಬೈಲ್ ಲಾಕರಿನಲ್ಲೇ ಇರಲಿ.

ಮೊದಲ ಸಂಜೆ ಮಾತ್ರ ಸಾನಾ ಬೇಡ. ಸಾಲಾ ಡೇಂಗ್ ಸ್ಟೇಷನ್ನಿನಲ್ಲಿ ಇಳಿದರೆ ಸಿಲೋಮ್ ರಸ್ತೆಯ ಸೊಯ್ 4 ಹತ್ತಿರವೇ ಇದೆ. ಸೊಯ್ ಅಂದರೆ ಗಲ್ಲಿ. ಅಲ್ಲಿನ ಟೆಲಿಫೋನ್ ಪಬ್‌ನಲ್ಲಿ ಹಿಂದೆ ಟೇಬಲ್ಲಿಗೊಂದು ಫೋನ್ ಇಟ್ಟಿದ್ದರು, ಮನಸ್ಸಿಗೆ ಬಂದ ಟೇಬಲ್ಲಿಗೆ ಫೋನ್ ಮಾಡಬಹುದಿತ್ತು! ಹೊರಗಿನ ಕುರ್ಚಿಯಲ್ಲಿ ಕೂತು ಜನರನ್ನು ನೋಡಿ. ಒಬ್ಬನೇ ಕೂತವರು ಬೇಕಾದಷ್ಟು ಜನ ಇರುತ್ತಾರೆ. ಕುಣಿಯುವ ಮನಸ್ಸಾದರೆ ಸೊಯ್ 2ರಲ್ಲಿ ಡಿಜೆ ಸ್ಟೇಷನ್ ಇದೆ. ಪಾಸ್‌ಪೋರ್ಟ್ ಜೊತೆಗಿರಲಿ, ಬಾಗಿಲಲ್ಲಿ ವಯಸ್ಸು ಕೇಳುತ್ತಾರೆ. ಪೊಲೀಸರ ಭಯ ಬೇಡ. 2025ರ ಜನವರಿ 23ರಿಂದ ಅಲ್ಲಿ ಗಂಡು ಗಂಡನ್ನು ಮದುವೆಯಾಗುವುದೂ ಕಾನೂನುಬದ್ಧ. ಆದರೆ ಇ-ಸಿಗರೇಟ್ ಅಲ್ಲಿ ನಿಷಿದ್ಧ. ಯಾರೇ ಪುಡಿ, ಮಾತ್ರೆ ಕೊಟ್ಟರೂ ಮುಟ್ಟಬೇಡಿ.

ಇನ್ನು ಆರೋಗ್ಯ. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಕಾಂಡೋಮ್, ಜೆಲ್ ಇಲ್ಲಿಂದಲೇ ಒಯ್ಯಿರಿ. ಎಚ್‌ಐವಿ ಬಾರದಂತೆ ತಡೆಯುವ ಪ್ರೆಪ್ ಮಾತ್ರೆಯ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ, ಶುರುಮಾಡುವ ಮೊದಲು ರಕ್ತಪರೀಕ್ಷೆ ಆಗಬೇಕು. ಕಾಂಡೋಮ್ ಹರಿದರೆ 72 ಗಂಟೆಯೊಳಗೆ ಪೆಪ್ ಮಾತ್ರೆ ಶುರುವಾಗಬೇಕು; ಪ್ರೆಪ್ ಮೊದಲೇ ತಗೊಳ್ಳುವುದು, ಪೆಪ್ ಅಪಾಯ ಆದಮೇಲೆ ಎಚ್‌ಐವಿ ತಡೆಯಲು ತಗೊಳ್ಳುವುದು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಊರಿಗೆ ಬರುವವರೆಗೆ ಕಾಯಬೇಡಿ, ಬ್ಯಾಂಕಾಕ್‌ನಲ್ಲೇ ಥಾಯ್ ರೆಡ್ ಕ್ರಾಸ್‌ನ ಅನಾನಿಮಸ್ ಕ್ಲಿನಿಕ್ ಇದೆ. ನಾಚಿಕೆಯಿಂದ ಮೂರು ದಿನ ಕಳೆದುಬಿಟ್ಟ ಒಬ್ಬ ಗೆಳೆಯ ನನಗಿದ್ದ.

ವಾಪಸ್ ಬಂದ ಮೇಲೆ ಪರೀಕ್ಷೆಗೆ ಜಿಲ್ಲಾಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಲಹೆಯ ಸರ್ಕಾರಿ ಕೇಂದ್ರಕ್ಕೆ ಹೋಗಿ. ದುಡ್ಡು ಕೊಡಬೇಕಿಲ್ಲ, ಗುಟ್ಟೂ ಉಳಿಯುತ್ತದೆ. ದಾವಣಗೆರೆಯಲ್ಲಿ ಪರಿಚಯದವರು ಸಿಕ್ಕಾರು ಅನ್ನಿಸಿದರೆ ಬೆಂಗಳೂರಿನಲ್ಲೇ ಮಾಡಿಸಿ.