ಕ್ಲಚ್ ಹೋಗಿದೆ ಅಂದರು, ನಿಜವಾಗಿ ಹೋಗಿದೆಯಾ?

ಪ್ರಶ್ನೆ: ನಮ್ಮದು 2017ರ ಪೆಟ್ರೋಲ್ ವ್ಯಾಗನ್-ಆರ್. 68,000 ಕಿ.ಮೀ. ಓಡಿದೆ. ಮೊದಲಿಂದಲೂ ಷೋರೂಮಿನಲ್ಲೇ ಸರ್ವೀಸ್ ಮಾಡಿಸುತ್ತಿದ್ದೇವೆ. ಈ ಸಲ 27,400 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಕ್ಲಚ್ ಸೆಟ್ಟಿಗೇ 9,200. ಅಂಡರ್‌ಬಾಡಿ ಕೋಟಿಂಗ್ 4,600. ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್ ಸೇರಿ 3,300. ಉಳಿದದ್ದು ಆಯಿಲ್, ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್, ಲೇಬರ್. ನಮ್ಮ ಬೀದಿಯ ಗ್ಯಾರೇಜಿನವರಿಗೆ ಫೋನ್ ಮಾಡಿದೆ. "ಅರ್ಧ ದುಡ್ಡಿಗೆ ಮಾಡಿಕೊಡ್ತೀನಿ ಬನ್ನಿ ಮೇಡಂ" ಅಂದರು. ನಮ್ಮ ಮನೆಯವರು ಷೋರೂಮೇ ಸರಿ ಅಂತಾರೆ. ಏನು ಮಾಡಲಿ?
(ಹೆಸರು ಬೇಡ ಎಂದಿರುವ ಶಿಕ್ಷಕಿ, ಹಾಸನ)

ಉತ್ತರ: ಸದ್ಯಕ್ಕೆ ಇಬ್ಬರ ಕೈಗೂ ಕೀ ಕೊಡಬೇಡಿ ಟೀಚರ್.

ನಾನು ಷೋರೂಮಿನ ಸರ್ವೀಸ್ ಕೌಂಟರಿನಲ್ಲಿ ಕೂತಿದ್ದವನು. ಈಗ ಶಿವಮೊಗ್ಗದಲ್ಲಿ ನನ್ನದೇ ಒಂದು ಸಣ್ಣ ಗ್ಯಾರೇಜ್ ಇದೆ. ಹಾಗಾಗಿ ಈ ಉತ್ತರ ಓದಿ ಎರಡೂ ಕಡೆಯವರು ಮುನಿಸಿಕೊಳ್ಳಬಹುದು, ಪರವಾಗಿಲ್ಲ. ಷೋರೂಮಿನವರು ಬೇಡದ್ದನ್ನೂ ಪಟ್ಟಿಗೆ ಸೇರಿಸಿದಂತಿದೆ. ಗ್ಯಾರೇಜಿನವರು ಕಾರನ್ನೇ ನೋಡದೆ ಅರ್ಧ ರೇಟು ಹೇಳಿದ್ದಾರೆ. ಯಾವುದರ ಅರ್ಧ? ಕ್ಲಚ್ ಚೆನ್ನಾಗಿಯೇ ಇದ್ದರೆ ಅದನ್ನು ಅರ್ಧ ಬೆಲೆಗೆ ಬದಲಾಯಿಸಿದರೂ ದುಡ್ಡು ದಂಡವೇ ಅಲ್ವಾ?

ಮೊದಲು ಕ್ಲಚ್ ನೋಡೋಣ, ದೊಡ್ಡ ಮೊತ್ತ ಅದೇ. ಬೆಳಿಗ್ಗೆ ಬೇಗ, ಖಾಲಿಯಿರುವ ಸಮತಟ್ಟು ರಸ್ತೆಗೆ ಹೋಗಿ. ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಕ್ಲಚ್ ಪ್ಲೇಟ್ ಸವೆದಿದ್ದರೆ ಎಂಜಿನ್ ಜೋರಾಗಿ ಕಿರುಚುತ್ತದೆ, ಆದರೆ ವೇಗ ತೋರಿಸುವ ಮುಳ್ಳು ಆ ಮಟ್ಟಕ್ಕೆ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಹಾಗಾಗದೆ ಕಾರು ನಿಧಾನವಾಗಿಯಾದರೂ ಎಳೆದುಕೊಂಡು ಹೋದರೆ ಪ್ಲೇಟ್ ಇನ್ನೂ ಹಿಡಿಯುತ್ತಿದೆ ಅಂತ ಅರ್ಥ. ಕ್ಲಚ್ ಇಷ್ಟೇ ಕಿಲೋಮೀಟರಿಗೆ ಹೋಗುತ್ತದೆ ಅನ್ನುವ ಲೆಕ್ಕ ಇಲ್ಲ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಅರ್ಧ ಕ್ಲಚ್ ಒತ್ತಿಕೊಂಡೇ ಹತ್ತುವವರದು 40,000ಕ್ಕೇ ಮುಗಿದಿರುತ್ತದೆ. ಹೈವೇಯಲ್ಲೇ ಓಡಿಸುವವರದು ಲಕ್ಷ ದಾಟುತ್ತದೆ. "ಪೆಡಲ್ ಗಟ್ಟಿಯಾಗಿದೆ, ಬದಲಾಯಿಸಿಬಿಡಿ" ಅಂದಿದ್ದರೆ ಮೊದಲು ಕ್ಲಚ್ ಕೇಬಲ್ ನೋಡಿ ಅನ್ನಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಫ್ಲಶ್, ಟ್ರೀಟ್‌ಮೆಂಟ್, ಕೋಟಿಂಗ್. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಸರ್ವೀಸಿನ ಪಟ್ಟಿ ಇರುತ್ತದೆ, ಯಾವುದನ್ನು ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅಂತ. ಎಸ್ಟಿಮೇಟನ್ನು ಅದರ ಪಕ್ಕ ಇಟ್ಟು ಓದಿ. ಅದರಲ್ಲಿ ಇಲ್ಲದ್ದು ಇಲ್ಲಿ ಇದ್ದರೆ ಯಾಕೆ ಅಂತ ಕೇಳಿ. ಕೌಂಟರಿನಲ್ಲಿ ಕೂತ ಹುಡುಗನಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಅದು ತುಂಬುವುದು ಇಂಥ ಐಟಂಗಳಿಂದಲೇ. ಅವನ ಮೇಲೆ ಸಿಟ್ಟು ಬೇಡ, ಬೇಡ ಅಂದರೆ ಸಾಕು. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಏರಿಳಿತ ಆಗುತ್ತಿದ್ದರೆ ಥ್ರಾಟಲ್ ಕ್ಲೀನಿಂಗ್ ಮಾಡಿಸಿ. ಅಂಡರ್‌ಬಾಡಿ ಕೋಟಿಂಗ್ ಮಂಗಳೂರು, ಉಡುಪಿಯ ಉಪ್ಪು ಗಾಳಿಗೆ ಸರಿ. ಹಾಸನದಲ್ಲಿ ಓಡುವ ಕಾರಿಗೆ, ಅಡಿಯಲ್ಲಿ ತುಕ್ಕು ಕಾಣದಿದ್ದರೆ, ಸುಮ್ನೆ ಖರ್ಚು.

ಬ್ರೇಕ್ ಪ್ಯಾಡ್ ಮಾತ್ರ ಚೌಕಾಸಿ ಮಾಡುವ ವಿಷಯ ಅಲ್ಲ. ಚಕ್ರ ಬಿಚ್ಚಿ ತೋರಿಸಿ ಅನ್ನಿ. ಹೊಸ ಪ್ಯಾಡ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸಲೇಬೇಕು. 6 ಇದ್ದರೆ ಮುಂದಿನ ಸರ್ವೀಸಿಗೆ ನೋಡಬಹುದು. ಬಿಲ್ಲಿನಲ್ಲಿ ಪ್ಲಗ್ ಎಷ್ಟಿದೆ ಅಂತಲೂ ಎಣಿಸಿ. ನಿಮ್ಮ ಕಾರಿನದು ಮೂರು ಸಿಲಿಂಡರಿನ ಎಂಜಿನ್, ಮೂರೇ ಪ್ಲಗ್. ನಾಲ್ಕು ಬರೆದಿದ್ದರೆ ನಾಲ್ಕನೆಯದು ಎಲ್ಲಿದೆ ತೋರಿಸಿ ಅನ್ನಿ.

ಈಗ ಎಲ್ಲಿಗೆ ಅನ್ನುವ ಪ್ರಶ್ನೆ. ವಾರಂಟಿ ಇರುವಷ್ಟು ದಿನ ಷೋರೂಮ್ ಬಿಡಬೇಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ ಅನ್ನುವುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನಬಾರದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದೇಶ ಏನೇ ಇರಲಿ, ಕೌಂಟರಿನಲ್ಲಿ ನಿಂತು ಜಗಳ ಆಡಬೇಕಾದವರು ನೀವು. ನಿಮ್ಮ ಕಾರಿನ ವಾರಂಟಿ ಮುಗಿದು ವರ್ಷಗಳೇ ಆಗಿವೆ, ಆ ತಲೆನೋವು ಇಲ್ಲ. ಆಯಿಲ್, ಬ್ರೇಕ್, ಕ್ಲಚ್, ಸಸ್ಪೆನ್ಷನ್ ಎಲ್ಲವನ್ನೂ ಒಳ್ಳೆಯ ಗ್ಯಾರೇಜಿನಲ್ಲಿ ಧೈರ್ಯವಾಗಿ ಮಾಡಿಸಿ. ಏರ್‌ಬ್ಯಾಗ್ ಲೈಟ್ ಹತ್ತಿಕೊಂಡರೆ, ಕೀ ಕೋಡಿಂಗ್ (ಹೊಸ ಕೀಯನ್ನು ಕಾರಿಗೆ ಹೊಂದಿಸುವುದು) ಬೇಕಾದರೆ ಷೋರೂಮಿಗೇ ಹೋಗಿ.

ರೀಕಾಲ್ ಇದ್ದರೂ ಅಲ್ಲಿಗೇ. 2019ರ ಆಗಸ್ಟಿನಲ್ಲಿ ಮಾರುತಿಯವರು ಪೆಟ್ರೋಲ್ ಪೈಪಿನ ತೊಂದರೆಗೆ 40,618 ವ್ಯಾಗನ್-ಆರ್ ವಾಪಸ್ ಕರೆಸಿ ಪುಕ್ಕಟೆ ಸರಿಮಾಡಿಕೊಟ್ಟರು. ಅವು ನಿಮ್ಮದಕ್ಕಿಂತ ಹೊಸ ಮಾಡೆಲ್ ಕಾರುಗಳು. ಆದರೂ ಕಂಪನಿ ವೆಬ್‌ಸೈಟಿನಲ್ಲಿ ನಿಮ್ಮ ಚಾಸಿ ನಂಬರ್ ಹಾಕಿ ಒಮ್ಮೆ ನೋಡಿಕೊಳ್ಳಿ.

ಒಳ್ಳೆಯ ಗ್ಯಾರೇಜ್ ಯಾವುದು ಅಂತ ಗೊತ್ತಾಗುವುದು ಹೇಗೆ? ಕಾರು ಬಿಡುವ ಮೊದಲು ಸುಮ್ನೆ ಒಂದು ಸಲ ಹೋಗಿ ನಿಂತು ನೋಡಿ. ಜಾಕಿ ಕೊಟ್ಟ ಮೇಲೆ ಸ್ಟ್ಯಾಂಡ್ ಇಡುತ್ತಾರಾ, ಇಲ್ಲ ಕಲ್ಲು ಇಡುತ್ತಾರಾ? ಆಯಿಲ್ ಸೀಲ್ ಇರುವ ಡಬ್ಬಿಯಿಂದ ಬರುತ್ತದಾ, ಡ್ರಮ್ಮಿನಿಂದ ಬರುತ್ತದಾ? ಕಾರಿನ ದೋಷ ಓದುವ ಸ್ಕ್ಯಾನರ್ ಇದೆಯಾ? ಮೇಸ್ತ್ರಿ ಟ್ರಯಲ್ ನೋಡಿ ಮಾತಾಡುತ್ತಾರಾ, ನೋಡದೆಯೇ ರೇಟು ಹೇಳುತ್ತಾರಾ? ನಿಮ್ಮ ಬೀದಿಯವರು ಫೋನಿನಲ್ಲೇ ಹೇಳಿದ್ದು ನನಗೆ ಅಷ್ಟು ಹಿಡಿಸಲಿಲ್ಲ. ಕಾರು ತೋರಿಸಿ, ಇನ್ನೊಂದು ಅವಕಾಶ ಕೊಡಿ.

ಪಾರ್ಟು ನೀವೇ ತಂದುಕೊಟ್ಟರೆ ಇನ್ನೂ ಒಳ್ಳೆಯದು. ಜಿನೈನ್ ಪಾರ್ಟ್ಸ್ ಕೌಂಟರಿನಲ್ಲಿ ಎಂಆರ್‌ಪಿ ನೋಡಿ, ಬಿಲ್ ಸಮೇತ ತನ್ನಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಗ್ಗ ಅಂತ ಅಲ್ಲಿಂದ ತರಿಸುವವರು ಬಹಳ. ಅಲ್ಲಿ ಅಸಲಿಯೂ ಇದೆ, ಅದೇ ಡಬ್ಬಿಯಲ್ಲಿ ನಕಲಿಯೂ ಇದೆ, ಗುರುತಿನ ಅಂಗಡಿ ಇಲ್ಲದಿದ್ದರೆ ಹೋಗಬೇಡಿ. ಹಳೇ ಮೇಸ್ತ್ರಿ "ಮೈಕೋ ಪ್ಲಗ್ ತನ್ನಿ" ಅಂದರೆ ಗಾಬರಿ ಬೇಡ. ಬಾಷ್ ಕಂಪನಿಯದನ್ನೇ ಹೇಳುತ್ತಿದ್ದಾರೆ. 2008ರಲ್ಲಿ ಮೈಕೋ ಹೆಸರು ಬಾಷ್ ಆಯಿತು, ಗ್ಯಾರೇಜಿನಲ್ಲಿ ಇನ್ನೂ ಆಗಿಲ್ಲ.

ಎಲ್ಲಿಗೇ ಬಿಡಿ, ಬಿಚ್ಚಿದ ಹಳೇ ಪಾರ್ಟುಗಳನ್ನು ಡಿಕ್ಕಿಯಲ್ಲಿ ಇಡಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಗ್ಯಾರೇಜಾದರೆ ಚೀಟಿಯಲ್ಲಿ ಬರೆಸಿ. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ನಾಳೆ ತಕರಾರಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಕೋಟಿಂಗ್, ಫ್ಲಶ್ ಎಲ್ಲ ಬಿಟ್ಟರೆ ಷೋರೂಮಿನ ಬಿಲ್ಲೇ 19,500ಕ್ಕೆ ಇಳಿಯುತ್ತದೆ. ಕ್ಲಚ್ಚೂ ಚೆನ್ನಾಗಿದ್ದರೆ 10,300. ಗ್ಯಾರೇಜಿನವರು ಹೇಳಿದ ಅರ್ಧಕ್ಕಿಂತ ಅದೇ ಕಡಿಮೆ!

ಪ್ರಶ್ನೆ: ಗೇಟಿಗೆ ತಾಗಿ ಹಿಂದಿನ ಬಂಪರ್ ಬಿರುಕು ಬಿಟ್ಟಿದೆ. ಇನ್ಶೂರೆನ್ಸ್ ಇದೆ. ಷೋರೂಮಿಗೆ ಬಿಟ್ಟು ಕ್ಲೇಮ್ ಮಾಡಲೇ?
(ಓದುಗರು, ಕಾರ್ಕಳ)

ಉತ್ತರ: ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ 20%, ಸತತ ಐದು ವರ್ಷ ಮಾಡದಿದ್ದರೆ 50%. ಒಂದು ಕ್ಲೇಮ್ ಮಾಡಿದರೆ, ಅದನ್ನು ಉಳಿಸುವ ಆಡ್-ಆನ್ ಇಲ್ಲದಿದ್ದರೆ, ಅಷ್ಟೂ ಹೋಗುತ್ತದೆ. ಸಣ್ಣ ಬಿರುಕಾದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿ ಪೇಂಟ್ ಹೊಡೆಸಿ, ಹೊರಗಿನ ಪೇಂಟಿಂಗ್‌ನವರೇ ಸಾಕು. ದೊಡ್ಡ ಆಕ್ಸಿಡೆಂಟ್ ಆದರೆ ಮಾತ್ರ ಮೊದಲು ಇನ್ಶೂರೆನ್ಸಿನವರಿಗೆ ತಿಳಿಸಿ, ಕ್ಯಾಶ್‌ಲೆಸ್ ಇರುವ ಕಡೆ ಬಿಡಿ. ಸರ್ವೇಯರ್ ಬಂದು ನೋಡುವ ತನಕ ಒಂದು ನಟ್ಟನ್ನೂ ಬಿಚ್ಚಲು ಬಿಡಬೇಡಿ.